ಚಿಲ್ಲರೆಯಿಲ್ಲದ ಕಾಲದ ರಟ್ಟಿನ ದುಡ್ಡು

ಬೆಳ್ತಂಗಡಿಯ ನಮ್ಮ ಮನೆಯಲ್ಲಿ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯ ತಳದಲ್ಲಿ ಮೂರು ರಟ್ಟಿನ ತುಂಡುಗಳಿದ್ದವು. ಒಂದೊಂದರ ಮೇಲೂ ಯಾವುದೋ ಅಂಗಡಿಯ ಮೊಹರು, ಶಾಯಿಯಲ್ಲಿ ‘ಅರ್ಧ ಆಣೆ’ ಎಂಬ ಬರೆಹ. ಯುದ್ಧಕಾಲದಲ್ಲಿ ಚಿಲ್ಲರೆಗೆ ಬದಲು ಕೊಟ್ಟದ್ದಂತೆ. ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ‘ಅದು ದುಡ್ಡು, ಬಿಸಾಡಬೇಡ’ ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಹಳೆಯ ಕಾಗದಗಳೊಡನೆ ಅವನ್ನೂ ಒಲೆಗೆ ಹಾಕಿದವನು ನಾನೇ. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು!

1940ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಸೋತ ಸುದ್ದಿ ಬಂದಾಗ ನಮ್ಮ ದೇಶದ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಪಡೆದು ಅಡಗಿಸಿಡತೊಡಗಿದರು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಡುವುದು ಅಪರಾಧವೆಂದು ಸರಕಾರ ಸಾರಿತು. ಒಂದು ರೂಪಾಯಿಯ ನೋಟನ್ನು ಮರಳಿ ತಂದಿತು. ನೋಟು ಹೆಚ್ಚಿತೇ ಹೊರತು ಕಾಸು ಹೆಚ್ಚಲಿಲ್ಲ. ಲೋಹ ಯುದ್ಧಕ್ಕೆ ಬೇಕಾಗಿತ್ತು. 1943ರಲ್ಲಿ ನಡುವೆ ತೂತಿರುವ ಕಾಸು ಬಂತು. ಹಳೆಯ ಕಾಸು ಸುಮಾರು 5 ಗ್ರಾಂ ತೂಗಿದರೆ ಇದು ಸುಮಾರು 2 ಗ್ರಾಂ. ನಮ್ಮ ಕಡೆಯವರ ಬಾಯಲ್ಲಿ ಅದು ‘ಒಟ್ಟೆ ಮುಕ್ಕಾಲು’.

ವರ್ತಕರು ಹಿತ್ತಾಳೆಯ ಬಿಲ್ಲೆ ಮಾಡಿಸದೆ ರಟ್ಟನ್ನೇ ಏಕೆ ಹಿಡಿದರು? ಖಾಸಗಿಯವರು ಹಣದಂತೆ ಬಳಸಲು ಲೋಹದ ತುಂಡುಗಳನ್ನು ತಯಾರಿಸುವುದನ್ನು 1889ರ ಕಾಯಿದೆಯೊಂದು ನಿಷೇಧಿಸಿತ್ತು. (ಆ ಕಾಯಿದೆ ರದ್ದಾಗಿ 2011ರ ನಾಣ್ಯ ಕಾಯಿದೆ ಅದರ ಸ್ಥಾನಕ್ಕೆ ಬಂತು.) ಕಾಠಿಯಾವಾಡದ ಮೋರ್ವಿ, ಗೊಂಡಲ, ಜುನಾಗಢ ಸಂಸ್ಥಾನಗಳು ತಮ್ಮ ಮುದ್ರೆಯೊತ್ತಿದ ರಟ್ಟಿನ ಕೂಪನ್‌ಗಳನ್ನು ಹೊರಡಿಸಿದ್ದವು, ಸಂಗ್ರಾಹಕರಲ್ಲಿ ಅವು ಇಂದಿಗೂ ಸಿಗುತ್ತವೆ. ನಮ್ಮ ದಕ್ಷಿಣ ಕನ್ನಡವೋ ಮದ್ರಾಸ್ ಪ್ರಾಂತಕ್ಕೆ ಸೇರಿದ ಜಿಲ್ಲೆ. ಇಲ್ಲಿ ರಾಜಮುದ್ರೆಯಿಲ್ಲ, ಅಂಗಡಿಯವನ ಮಾತೇ ಮುದ್ರೆ. ಸಾಲದ್ದಕ್ಕೆ ನಮ್ಮ ಮಳೆಗಾಲ, ಗೆದ್ದಲು.

ನಿವೃತ್ತಿಯ ಬಳಿಕ ಇಂಥ ಚೀಟಿಗಳನ್ನು ಹುಡುಕತೊಡಗಿದೆ. ಮಂಗಳೂರಿನ ಸರಕು ದೋಣಿಯಲ್ಲಿ ನೇತ್ರಾವತಿಯ ಮೇಲೆ ಬಂದಿಳಿಯುತ್ತಿದ್ದ ಬಂಟ್ವಾಳದ ಪೇಟೆಯಲ್ಲಿ, ಗೆದ್ದಲು ತಿಂದ ಕಡತವೊಂದರ ನಡುವೆ, ಒಂದೇ ಒಂದು ಸಿಕ್ಕಿತು. ಮೊಹರು ಅರ್ಧ ಅಳಿಸಿದೆ, ‘ಒಂದು ಆಣೆ’ ಓದಬಹುದು. ಮೂಡುಬಿದಿರೆಯಲ್ಲಿ ಹಳೆಯ ವ್ಯಾಪಾರಿ ಮನೆತನದ ಹಿರಿಯರೊಬ್ಬರು ಒಂದು ಹಿಡಿ ಒಟ್ಟೆ ಮುಕ್ಕಾಲುಗಳನ್ನು ನನ್ನ ಕೈಗೆ ಸುರಿದು ನಕ್ಕರು: ‘ಚೀಟಿ ಎಲ್ಲಿಂದ ಬರಬೇಕು ಮಾಷ್ಟ್ರೇ? ಮರಳಿ ಬಂದದ್ದನ್ನು ಅಂದೇ ಸಂಜೆ ಹರಿದು ಹಾಕುತ್ತಿದ್ದರು. ಅದೇ ಚೀಟಿ ಎರಡನೆಯ ಸಲ ಬರಬಾರದಲ್ಲ!’

ಲೆಕ್ಕ ತೀರಿದ ಚೀಟಿ ಉಳಿಯುವುದೇ ಇಲ್ಲವೆಂಬುದು ನನಗೆ ಹೊಳೆದದ್ದು ಆಗಲೇ. ಅಜ್ಜಿ ಕಾದಿಟ್ಟಿದ್ದುದು ಆ ಅಂಗಡಿಯಿಂದ ಅವರಿಗೆ ಬರಬೇಕಾಗಿದ್ದ ಒಂದೂವರೆ ಆಣೆ.