ಊರು ಮುಟ್ಟಿದ ತಂತಿ ಮನೆ ಮುಟ್ಟುವುದೆಂದು?

‘ತಂತಿ ಬಂತು’ ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಕಾಲಕ್ಕೊಂದು ಅರ್ಥ. ಅಜ್ಜಂದಿರ ಕಾಲಕ್ಕೆ ಅದು ಟೆಲಿಗ್ರಾಂ. ಬಹುಮಟ್ಟಿಗೆ ಸಾವುನೋವಿನ ಸುದ್ದಿ. ಆಮೇಲೆ ಅದು ಕರೆಂಟಿನ ತಂತಿ, ಅದರ ಬೆನ್ನಿಗೆ ಟೆಲಿಫೋನಿನ ತಂತಿ. ಈಗ ಹಳ್ಳಿಯ ಜನ ಕಾಯುತ್ತಿರುವುದು ಗಾಜಿನ ಎಳೆಯನ್ನು. ಪಂಡಿತರು ಅದನ್ನು ದ್ಯುತಿತಂತು ಎಂದಾರು. ಜನರು ಫೈಬರ್ ಎನ್ನುತ್ತಾರೆ. ಜನರ ಮಾತನ್ನೇ ನಾನೂ ಇಲ್ಲಿ ಬಳಸುತ್ತೇನೆ.

ಈ ತಂತಿಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಊರಿಗೆ ತಂತಿ ಬಂದಿತೆಂದು ಕಡತದಲ್ಲಿ ಬರೆದ ದಿನವೇ ಬೇರೆ, ಮನೆಯೊಳಗೆ ಅದರ ಪ್ರಯೋಜನ ದೊರೆತ ದಿನವೇ ಬೇರೆ. ಇವೆರಡರ ನಡುವಣ ಕಾಲವನ್ನು ಇತಿಹಾಸಕಾರರು ಸಾಮಾನ್ಯವಾಗಿ ಗಣನೆಗೆ ತರುವುದಿಲ್ಲ. ಹಳ್ಳಿಯವನ ಪಾಲಿಗಾದರೋ ಆ ಕಾಲವೇ ನಿಜವಾದ ಇತಿಹಾಸ.

ಮೊದಲು ವಿದ್ಯುತ್ತಿನ ವಿಚಾರ. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಇವು ಮೈಸೂರು ಸಂಸ್ಥಾನಕ್ಕೆ ಕೀರ್ತಿ ತಂದ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣಿಗೆ ಹೊರಟ ತಂತಿಯು ಹಳ್ಳಿಗಳ ಹೊಲಗಳ ಮೇಲೆ ಹಾದುಹೋಯಿತೇ ಹೊರತು ಕೆಳಗಿನ ಮನೆಗಳಿಗೆ ಇಳಿಯಲಿಲ್ಲ. ಇಳಿಯಬೇಕಾದರೆ ಟ್ರಾನ್ಸ್‌ಫಾರ್ಮರ್ ಬೇಕು, ಕಂಬ ಬೇಕು, ಬೆಲೆ ತೆರಬಲ್ಲ ಗಿರಾಕಿ ಬೇಕು. ಗಣಿಗೆ ಆ ಶಕ್ತಿ ಇತ್ತು, ಹಳ್ಳಿಗೆ ಇರಲಿಲ್ಲ.

ಸ್ವಾತಂತ್ರ್ಯಾನಂತರ ಗ್ರಾಮ ವಿದ್ಯುದೀಕರಣದ ಕಾರ್ಯ ಭರದಿಂದ ನಡೆಯಿತು. ಆದರೆ ಎಣಿಸಿದ ಕ್ರಮವನ್ನು ಗಮನಿಸಬೇಕು. 1997ರವರೆಗೆ ಊರಿನ ಎಲ್ಲೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ತು ಬಳಕೆಯಾದರೂ ಸಾಕು, ಆ ಊರು ವಿದ್ಯುದೀಕರಣಗೊಂಡಂತೆಯೇ. ಒಬ್ಬ ರೈತನ ಹೊಲದಲ್ಲಿ ಒಂದು ಪಂಪ್‌ಸೆಟ್ ತಿರುಗಿದರೂ ಇಡೀ ಊರು ಬೆಳಕಿನ ಪಟ್ಟಿಗೆ ಸೇರಬಹುದಾಗಿತ್ತು. 2004ರಲ್ಲಿ ನಿಯಮ ಬಿಗಿಯಾಯಿತು: ದಲಿತ ಕೇರಿಯೂ ಸೇರಿದಂತೆ ಜನವಸತಿಯಲ್ಲಿ ವಿದ್ಯುತ್ ವ್ಯವಸ್ಥೆ ಇರಬೇಕು, ಶಾಲೆ, ಪಂಚಾಯತಿ ಕಚೇರಿ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ಸಂಪರ್ಕವಿರಬೇಕು, ಕನಿಷ್ಠ ನೂರಕ್ಕೆ ಹತ್ತು ಮನೆಗಳಿಗಾದರೂ ವಿದ್ಯುತ್ತು ಇರಬೇಕು. ಆಗಲೂ ಉಳಿದ ತೊಂಬತ್ತು ಮನೆಗಳು ಕತ್ತಲಲ್ಲಿದ್ದರೆ ಲೆಕ್ಕಕ್ಕೆ ಬಾಧಕವಿರಲಿಲ್ಲ. 2018ರ ಏಪ್ರಿಲ್ 28ರಂದು ಮಣಿಪುರದ ಲೇಸಾಂಗ್ ಎಂಬ ಹಳ್ಳಿಯೊಡನೆ ದೇಶದ ಗ್ರಾಮಗಳ ಎಣಿಕೆ ಪೂರ್ತಿಯಾಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ, 2017ರ ಸೆಪ್ಟೆಂಬರಿನಲ್ಲಿ, ‘ಸೌಭಾಗ್ಯ’ ಯೋಜನೆಯು ಊರುಗಳನ್ನು ಬಿಟ್ಟು ಮನೆಗಳನ್ನೇ ಎಣಿಸಲು ತೊಡಗಿತ್ತು. ಕತ್ತಲಲ್ಲಿ ಉಳಿದಿದ್ದ ಮನೆಗಳಿಗೆ ಕರೆಂಟು ವೇಗವಾಗಿ ಬಂದದ್ದು ಹೀಗೆ ಎಣಿಕೆ ಬದಲಾದ ಮೇಲೆಯೇ.

ಟೆಲಿಫೋನಿನ ಕಥೆಯೂ ಇದಕ್ಕೆ ಹೊರತಲ್ಲ. 1882ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ನೂರು ವರ್ಷ ಕಳೆದರೂ ಹಳ್ಳಿಗಳಲ್ಲಿ ಟೆಲಿಫೋನು ಅಪರೂಪವೇ. ಹೊರದೇಶದ ಯಂತ್ರಗಳು ಹವಾನಿಯಂತ್ರಿತ ಕೋಣೆಯನ್ನು ಬೇಡುತ್ತಿದ್ದವು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ನಮ್ಮ ಸೆಕೆಯನ್ನೂ ಧೂಳನ್ನೂ ತಾಳಬಲ್ಲ 128 ಲೈನುಗಳ ಸಣ್ಣ ವಿನಿಮಯ ಯಂತ್ರವನ್ನು ರೂಪಿಸಿತು. ಆ ಗ್ರಾಮೀಣ ಯಂತ್ರ 1986ರಲ್ಲಿ ಮೊದಲು ಕೆಲಸಕ್ಕೆ ನಿಂತದ್ದು ನಮ್ಮ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ನೆಲದಲ್ಲಿ. ಆಮೇಲೆ ಗಡುವುಗಳ ಸಾಲು ಬಂತು. 1994ರ ದೂರಸಂಪರ್ಕ ನೀತಿಯು 1997ರೊಳಗೆ ಎಲ್ಲ ಹಳ್ಳಿಗಳಿಗೂ ಟೆಲಿಫೋನು ಎಂದಿತು. 1999ರ ಹೊಸ ನೀತಿಯು ಅದೇ ಮಾತನ್ನು 2002ಕ್ಕೆ ಮುಂದೂಡಿತು. ಎರಡು ನೀತಿಗಳಲ್ಲಿಯೂ ಲೆಕ್ಕ ಊರಿನದೇ. ಊರಿಗೊಂದು ಸಾರ್ವಜನಿಕ ಫೋನು ಬಂದರೆ ಗುರಿ ಮುಟ್ಟಿದಂತೆ.

ಇನ್ನು ಗಾಜಿನ ಎಳೆಗೆ ಬರೋಣ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಒಂದು ತುದಿಯಲ್ಲಿ ಬೆಳಕನ್ನು ಹೊಗಿಸಿದರೆ ಅದು ಒಳಗೋಡೆಗಳಿಂದ ಪ್ರತಿಫಲಿಸುತ್ತ ಇನ್ನೊಂದು ತುದಿಯನ್ನು ಸೇರುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿಯವರು 1954ರಲ್ಲಿ ಇಂಗ್ಲೆಂಡಿನಲ್ಲಿ ಹಾಪ್ಕಿನ್ಸ್ ಅವರೊಡನೆ ಇಂಥ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ಸಂಶೋಧನೆಯನ್ನು ಪ್ರಕಟಿಸಿದರು. ಬೆಳಕು ದಾರಿಯಲ್ಲಿ ಕುಂದುವುದು ಗಾಜಿನ ದೋಷದಿಂದಲ್ಲ, ಅದರೊಳಗಿನ ಕಲ್ಮಷದಿಂದ ಎಂದು 1966ರಲ್ಲಿ ಚಾರ್ಲ್ಸ್ ಕಾವೋ ಅವರೂ ಅವರ ಸಹೋದ್ಯೋಗಿ ಹಾಕ್‌ಹ್ಯಾಮ್ ಅವರೂ ತೋರಿಸಿಕೊಟ್ಟರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿಗಳು ದೂರಸಂಪರ್ಕಕ್ಕೆ ತಕ್ಕಷ್ಟು ಶುದ್ಧವಾದ ಎಳೆಯನ್ನು ತಯಾರಿಸಿದರು. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಆ ಎಳೆಯನ್ನು ನಮ್ಮ ಗ್ರಾಮಪಂಚಾಯತಿಗಳಿಗೆ ಒಯ್ಯಲು ಕೇಂದ್ರ ಸಂಪುಟವು 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 20,000 ಕೋಟಿ ರೂಪಾಯಿ. ಗುರಿ ಎರಡೂವರೆ ಲಕ್ಷ ಪಂಚಾಯತಿ. ಅವಧಿ ಎರಡು ವರ್ಷ. ಅವಧಿ ಮುಗಿಯಿತು, ಕೆಲಸ ಮುಗಿಯಲಿಲ್ಲ. ಯೋಜನೆಗೆ ಮುಂದೆ ಭಾರತ್‌ನೆಟ್ ಎಂದು ನಾಮಕರಣವಾಯಿತು. ಮೊದಲ ಹಂತದ ಒಂದು ಲಕ್ಷ ಪಂಚಾಯತಿಗಳು ಪೂರ್ತಿಯಾಗುವ ಹೊತ್ತಿಗೆ 2017ನೆಯ ಇಸವಿ ಮುಗಿಯುತ್ತ ಬಂದಿತ್ತು. 2020ರ ಆಗಸ್ಟ್ 15ರಂದು ಆರು ಲಕ್ಷಕ್ಕೂ ಮಿಕ್ಕ ಹಳ್ಳಿಗಳಿಗೆ ಸಾವಿರ ದಿನಗಳಲ್ಲಿ ಫೈಬರ್ ಎಂಬ ಘೋಷಣೆಯಾಯಿತು. ಆ ಸಾವಿರ ದಿನಗಳು 2023ರ ಮೇ ತಿಂಗಳಲ್ಲಿ ತೀರಿದವು. ಹಳ್ಳಿಗಳು ಕಾಯುತ್ತಲೇ ಇದ್ದವು.

2025ರ ಜನವರಿಯ ಸರ್ಕಾರಿ ಲೆಕ್ಕದಂತೆ ಸುಮಾರು 2,14,000 ಪಂಚಾಯತಿಗಳು ‘ಸೇವೆಗೆ ಸಿದ್ಧ’ವಾಗಿದ್ದವು. ಅದೇ ಲೆಕ್ಕದಲ್ಲಿ ಈ ಯೋಜನೆಯ ಫೈಬರ್ ಸಂಪರ್ಕ ಪಡೆದ ಮನೆಗಳು ಸುಮಾರು 12 ಲಕ್ಷ. ಭಾಗಿಸಿ ನೋಡಿದರೆ ಪಂಚಾಯತಿಗೆ ಆರು ಮನೆಗಳೂ ಬೀಳುವುದಿಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಇದಕ್ಕೆ ಕಾರಣಗಳು ಗುಟ್ಟಿನವೇನಲ್ಲ. ಪಂಚಾಯತಿ ಕಚೇರಿಯಿಂದ ಮನೆಗೆ ಎಳೆ ಎಳೆಯುವ ಕೆಲಸ ಯಾರದೆಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿವೆ. ಮಲೆನಾಡಿನಲ್ಲಿ ತೋಟಕ್ಕೊಂದು ಒಂಟಿಮನೆ. ಒಂದು ಮನೆಗಾಗಿ ಮೈಲಿಯುದ್ದದ ತಂತಿ ಎಳೆಯಲು ಲಾಭವನ್ನೆಣಿಸುವ ಕಂಪನಿ ಮುಂದೆ ಬಾರದು. ರಸ್ತೆ ಅಗಲಿಸುವವರು, ನೀರಿನ ಪೈಪು ಹೂಳುವವರು ಅಗೆದಾಗ ಕೇಬಲ್ ತುಂಡಾಗುತ್ತದೆ. ಅದನ್ನು ತಾಮ್ರದ ತಂತಿಯಂತೆ ಹೊಸೆದು ಕೂಡಿಸಲಾಗದು. ಯಂತ್ರ ಬೇಕು, ಪಳಗಿದ ಕೈ ಬೇಕು. ಮೊದಲ ಹಂತದಲ್ಲಿ ಎಳೆಯನ್ನು ಒಂದೇ ಸಾಲಿನಲ್ಲಿ ಒಯ್ದದ್ದರಿಂದ ಒಂದೆಡೆ ಕಡಿದರೆ ಅದರಾಚೆಯ ಊರುಗಳೆಲ್ಲ ಮೌನವಾಗುತ್ತಿದ್ದವು. 2023ರ ಆಗಸ್ಟಿನಲ್ಲಿ ಸಂಪುಟವು ಒಪ್ಪಿದ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಯಲ್ಲಿ ಎಳೆಯನ್ನು ಉಂಗುರದಂತೆ ಸುತ್ತಿಸುವ ಏರ್ಪಾಡಿದೆ. ಒಂದು ಪಕ್ಕ ಕಡಿದರೆ ಇನ್ನೊಂದು ಪಕ್ಕದಿಂದ ಬೆಳಕು ಹರಿಯುತ್ತದೆ.

ರೇಡಿಯೋಗೆ ಈ ತೊಡಕು ಇರಲಿಲ್ಲವಷ್ಟೆ ಎಂದು ಓದುಗರು ಕೇಳಬಹುದು. ನಿಜ, ಅದರ ಅಲೆಗಳು ತಂತಿಯ ಹಂಗಿಲ್ಲದೆ ಮನೆಗೆ ನುಗ್ಗುತ್ತವೆ. ಆದರೂ 1956ರಲ್ಲಿ ಪುಣೆಯ ಸುತ್ತಿನ 150 ಹಳ್ಳಿಗಳಲ್ಲಿ ಆಕಾಶವಾಣಿಯ ರೈತಕೂಟಗಳ ಪ್ರಯೋಗ ನಡೆದಾಗ ಜನ ಒಂದೆಡೆ ಕಲೆತು ಒಂದೇ ಪೆಟ್ಟಿಗೆಯ ಸುತ್ತ ಕುಳಿತು ಕೇಳಬೇಕಾಗಿತ್ತು. ಅಗ್ಗದ ಟ್ರಾನ್ಸಿಸ್ಟರ್ ಬಂದ ಮೇಲೆಯೇ ರೇಡಿಯೋ ಮನೆಯದಾಯಿತು. ಮೊಬೈಲ್ ಫೋನೂ ಅಲೆಯನ್ನೇ ನಂಬಿದೆ, ದಿಟ. ಆದರೆ ಗುಡ್ಡ ಅಡ್ಡ ಬಂದರೆ ಆ ಅಲೆ ನಿಲ್ಲುತ್ತದೆ. ಟವರಿಗೆ ದಟ್ಟವಾದ ಮಾಹಿತಿಯನ್ನು ತಂದು ಸುರಿಯಲು ಸಹ ಫೈಬರ್ ಇದ್ದರೇ ಚೆನ್ನ.

ತಡವಾದುದರ ಬೆಲೆ ಏನೆಂಬುದನ್ನು 2020 ಮತ್ತು 2021ರಲ್ಲಿ ಉಪಾಧ್ಯಾಯರೆಲ್ಲರೂ ಕಂಡೆವು. ಶಾಲೆಗಳ ಬಾಗಿಲು ಮುಚ್ಚಿದವು; ಪಾಠ ಇಂಟರ್‌ನೆಟ್ಟಿಗೆ ಹೋಯಿತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಸೌಕರ್ಯವಿದ್ದ ಮನೆಗಳು ಪಟ್ಟಣಗಳಲ್ಲಿ ನೂರಕ್ಕೆ 42, ಹಳ್ಳಿಗಳಲ್ಲಿ ಸುಮಾರು 15. ಉಳಿದ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು, ‘ವಿದ್ಯಾಗಮ’ದಲ್ಲಿ ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋದರು. ಅವು ಸಾರ್ಥಕ ಪ್ರಯತ್ನಗಳು. ಆದರೆ ಪ್ರಸಾರದ ಪಾಠವನ್ನು ಕೇಳಿದ ಮಗು ‘ಅರ್ಥವಾಗಲಿಲ್ಲ ಸಾರ್’ ಎಂದರೆ ಆ ದನಿ ಈ ಕಡೆಗೆ ಬರುವ ದಾರಿ ಇರಲಿಲ್ಲ. ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ ಅರಸಿ ಮಳೆಯಲ್ಲಿ ಗುಡ್ಡ ಹತ್ತಿದರು. ಯೋಜನೆಯ ಮೊದಲ ಗಡುವು ಆ ವೇಳೆಗೆ ಮೀರಿ ಏಳು ವರ್ಷಗಳಾಗಿದ್ದವು.

ಪಟ್ಟಣದ ಮನೆಗಳಲ್ಲಿ ಕುಳಿತು ಇದನ್ನು ಓದುವವರು ಇದು ತಮಗೆ ಸಂಬಂಧಿಸದ ಮಾತೆಂದು ಭಾವಿಸಬಾರದು. 2002ರಿಂದ ದೂರಸಂಪರ್ಕ ಕಂಪನಿಗಳು ತಮ ನಿಗದಿತ ವರಮಾನದಲ್ಲಿ ನೂರಕ್ಕೆ ಐದರಷ್ಟನ್ನು ಹಳ್ಳಿಗಳ ಸೇವೆಗೆಂದು ಸ್ಥಾಪಿಸಿದ ನಿಧಿಗೆ ಸಲ್ಲಿಸುತ್ತ ಬಂದಿವೆ. ಆ ವರಮಾನ ಹುಟ್ಟುವುದು ನಾವು ತೆರುವ ಫೋನಿನ ಬಿಲ್ಲಿನಿಂದ. ಹಣ ಕೊಟ್ಟವರಿಗೆ ಲೆಕ್ಕ ಕೇಳುವ ಅಧಿಕಾರವೂ ಉಂಟು.

ಹೊಸ ಯೋಜನೆಯಲ್ಲಿ ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳ ಸಂಪರ್ಕದ ಗುರಿ ಇದೆ. ವಿದ್ಯುತ್ತಿನ ವಿಷಯದಲ್ಲಿ ಆದಂತೆ ಇಲ್ಲಿಯೂ ಎಣಿಕೆ ಊರಿನಿಂದ ಮನೆಗೆ ಇಳಿದಿರುವುದು ಸಮಾಧಾನದ ಸಂಗತಿ. ಇನ್ನು ಆಗಬೇಕಾದ ಕೆಲಸ, ಪ್ರತಿ ಗ್ರಾಮಸಭೆಯಲ್ಲಿಯೂ ಎರಡು ಅಂಕೆಗಳನ್ನು ಓದಿ ಹೇಳುವುದು: ಎಷ್ಟು ಮನೆಗಳಿಗೆ ಫೈಬರ್ ಬಂದಿದೆ, ಕಳೆದ ತಿಂಗಳಲ್ಲಿ ಎಷ್ಟು ದಿನ ಅದು ನಡೆದಿದೆ. ಊರಿನಲ್ಲಿ ಅಣ್ಣತಮ್ಮಂದಿರೋ ಹಳೆಯ ಮನೆಯೋ ಉಳ್ಳ ನಾವು ಮುಂದಿನ ಹಬ್ಬಕ್ಕೆ ಹೋದಾಗ ಈ ಎರಡು ಪ್ರಶ್ನೆಗಳನ್ನು ಪಂಚಾಯತಿ ಕಚೇರಿಯಲ್ಲಿ ಕೇಳಿ ಬರಬಹುದು.