ಎಲಾಪುರದ ಕಲ್ಲು ಯಾರದು?

ಮುಂಬಯಿಯಿಂದ ಹೊರಟ ರೈಲು ಕಸಾರಾ ಘಾಟಿಯನ್ನೇರಿ ಇಗತಪುರಿಯಲ್ಲಿ ನಿಂತಾಗ ಪ್ರಯಾಣಿಕನು ದಖ್ಖನಿನ ನೆತ್ತಿಯನ್ನು ತಲುಪಿರುತ್ತಾನೆ. ಗೋದಾವರಿ ಹುಟ್ಟುವ ತ್ರ್ಯಂಬಕ ಇಲ್ಲಿಂದ ದೂರವಿಲ್ಲ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು 9ನೆಯ ಶತಮಾನದ ‘ಕವಿರಾಜಮಾರ್ಗ’ ಹೇಳಿದ್ದನ್ನು ಬಾಯಿಪಾಠ ಮಾಡಿ ಬೆಳೆದವರಿಗೆ, ಆ ಎಲ್ಲೆಯ ನದಿಯನ್ನು ಮರಾಠಿ ಮಾತಿನ ನಡುವೆ ಕಾಣುವುದು ಸ್ವಲ್ಪ ವಿಚಿತ್ರವೇ.

ಈ ಸೀಮೆಯ ನೆಲವೆಲ್ಲ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿ ಆದ ಕಪ್ಪುಬಂಡೆ. ಅದನ್ನು ಕೊರೆದವರಲ್ಲಿ ರಾಷ್ಟ್ರಕೂಟರು ಮೊದಲಿಗರಲ್ಲ. ನಾಸಿಕದ ಪಾಂಡವಲೇಣಿಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನವಿದೆ: ಗುಹೆಯ ಭಿಕ್ಷುಗಳಿಗಾಗಿ 3000 ಕಹಾಪಣಗಳನ್ನು ನೇಕಾರರ ಎರಡು ಶ್ರೇಣಿಗಳಲ್ಲಿ ಬಡ್ಡಿಗಿಟ್ಟ ಲೆಕ್ಕ. ಕಲ್ಲಿನ ಮೇಲೆ ಧರ್ಮದಷ್ಟೇ ಸ್ಪಷ್ಟವಾಗಿ ಬಡ್ಡಿಯ ದರವೂ ಉಳಿದಿದೆ!

ಬಂಡೆಯಲ್ಲಿ ಕೊರೆದ ನಗರವೆಂದರೆ ಲೋಕಕ್ಕೆ ನೆನಪಾಗುವುದು ಜೋರ್ಡಾನಿನ ಮರಳುಗಾಡಿನ ಪೆಟ್ರಾ. ಅಲ್ಲಿ ಮರಳುಗಲ್ಲಿನ ಬೆಟ್ಟಕ್ಕೆ ಭವ್ಯವಾದ ಮುಖಗಳನ್ನು ಕಡೆದರು. ಎಲ್ಲೋರದ ಕೈಲಾಸದಲ್ಲಾದರೋ ಬೆಟ್ಟದಿಂದ ಗುಡಿಯನ್ನೇ ಬಿಡಿಸಿಕೊಂಡರು. ಮೂರು ಕಡೆ ಆಳವಾದ ಕಂದಕ ತೋಡಿ, ನಡುವೆ ಉಳಿದ ಬಂಡೆಯನ್ನು ಶಿಖರದಿಂದ ಕೆಳಕ್ಕೆ ಕಡೆಯುತ್ತ ಬಂದರು. ಅಂಗಳದ ಉದ್ದ ಸುಮಾರು 276 ಅಡಿ, ಅಗಲ 154 ಅಡಿ. ಹಿಂಬದಿಯ ಗೋಡೆ ನೂರಡಿಗೂ ಎತ್ತರ. ತಪ್ಪಿದ ಕಲ್ಲನ್ನು ಬದಲಿಸಿ ಬೇರೊಂದನ್ನು ಕೂರಿಸುವ ಅವಕಾಶ ಇಲ್ಲಿಲ್ಲ.

ಇದನ್ನು ಮಾಡಿಸಿದವನು ಒಂದನೆಯ ಕೃಷ್ಣ. ಹಾಗೆಂದು ನಂಬಲು ಇರುವ ಮುಖ್ಯ ಆಧಾರ ಗುಜರಾತ್ ಶಾಖೆಯ ಕರ್ಕನ ಬರೋಡಾ ತಾಮ್ರಪಟ. ಎಲಾಪುರದ ಗುಡಿಯನ್ನು ಕಂಡು ವಿಮಾನಚಾರಿ ದೇವತೆಗಳು ಬೆರಗಾದರೆಂದೂ, ಕಟ್ಟಿದ ಶಿಲ್ಪಿಯೇ ತಾನಿದನ್ನು ಹೇಗೆ ಮಾಡಿದೆನೆಂದು ಅಚ್ಚರಿಪಟ್ಟನೆಂದೂ ಅದು ಹೊಗಳುತ್ತದೆ. ಒಬ್ಬ ಅರಸನ ಕಾಲದಲ್ಲೇ ಎಲ್ಲವೂ ಮುಗಿಯಿತೆಂದು ವಿದ್ವಾಂಸರೆಲ್ಲ ಒಪ್ಪುವುದಿಲ್ಲ; ಕೆಲವು ಭಾಗಗಳು ಅವನಿಗಿಂತ ಈಚಿನವೆಂಬ ವಾದ ನನಗೂ ಸಮ್ಮತ.

ಮರಾಠಿಯ ಹಳೆಯ ಕಥೆ ಬೇರೆಯೇ ಹೇಳುತ್ತದೆ. ಗುಡಿಯ ಶಿಖರವನ್ನು ಕಾಣುವವರೆಗೆ ಊಟ ಮಾಡೆನೆಂದು ರಾಣಿಯೊಬ್ಬಳು ಹರಕೆ ಹೊತ್ತಳಂತೆ. ಪೈಠಣದ ಕೋಕಸನೆಂಬ ಶಿಲ್ಪಿ ಶಿಖರದಿಂದಲೇ ಕೆಲಸ ಆರಂಭಿಸಿ ಅವಳ ಉಪವಾಸವನ್ನು ಬೇಗ ಮುಗಿಸಿದನಂತೆ. ಕಟ್ಟಿದ ಕ್ರಮದ ನೆನಪು ಕಥೆಯಲ್ಲಿ ಎಷ್ಟು ಜಾಣತನದಿಂದ ಉಳಿದಿದೆ!

ಹಾಗಾದರೆ ಈ ಕಲ್ಲು ಯಾರದು? ಹೊರನಾಡ ಕನ್ನಡಿಗರು ಇಲ್ಲಿಗೆ ಬಂದಾಗ ‘ಇದು ನಮ್ಮದು’ ಎನ್ನುವುದು ಸಹಜ, ಆಧಾರವೂ ಇದೆ. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ನೋಡಿದವರಿಗೆ ಕೈಲಾಸದ ವಿನ್ಯಾಸ ಪರಿಚಿತವೆನಿಸುತ್ತದೆ. ಬಾದಾಮಿಯ ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟರು ಅವರ ವಾಸ್ತುವಿದ್ಯೆಯನ್ನು ಬಿಟ್ಟುಕೊಡಲಿಲ್ಲ. ಆದರೆ ಅದೇ ವಂಶ ತನ್ನನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡಿತು. ಆ ಊರು ಇಂದಿನ ಲಾತೂರು. ಕನ್ನಡವನ್ನು ಪೊರೆದ ಅರಸರ ಮೂಲದೂರು ಮಹಾರಾಷ್ಟ್ರದಲ್ಲಿದೆ, ಅವರ ಹೊಗಳಿಕೆ ಸಂಸ್ಕೃತದಲ್ಲಿದೆ, ತಾಮ್ರಪಟ ಸಿಕ್ಕಿದ್ದು ಗುಜರಾತಿನಲ್ಲಿ. 1956ರ ಗೆರೆಗಳನ್ನು 8ನೆಯ ಶತಮಾನದ ಬಂಡೆಯ ಮೇಲೆ ಎಳೆಯಹೊರಟರೆ ಉಳಿ ಜಾರುತ್ತದೆ.

ಹೋಗುವವರಿಗೆ ಒಂದು ಮಾತು: ಮಂಗಳವಾರ ಎಲ್ಲೋರ ಮುಚ್ಚಿರುತ್ತದೆ. ಅಂಗಳಕ್ಕೆ ನುಗ್ಗುವ ಮುನ್ನ, ಸಾಧ್ಯವಾದರೆ, ಬಂಡೆಯ ಮೇಲಂಚಿನಿಂದ ಗುಡಿಯನ್ನು ನೋಡಿರಿ. ಮಂಟಪದ ಮಾಳಿಗೆಯ ಮೇಲೆ ಕಡೆದ ತಾವರೆಯೂ ಸಿಂಹಗಳೂ ಕಾಣುವುದು ಅಲ್ಲಿಂದಲೇ. ಶಿಲ್ಪಿಗಳು ಮೊದಲು ಕಂಡದ್ದೂ ಅದನ್ನೇ.