ಸೈನ್ಯ ಗಡಿ ದಾಟುವುದೇ? – ನಾನು ಕೊಟ್ಟ ಒಂದು ತಪ್ಪು ಉತ್ತರ

1999ರ ಜೂನ್ ತಿಂಗಳು. ಬೇಸಿಗೆಯ ರಜೆ ಮುಗಿದು ಶಾಲೆ ಆರಂಭವಾಗಿತ್ತು. ಕಾರ್ಗಿಲ್‌ನಲ್ಲಿ ಕಾದಾಟ ನಡೆಯುತ್ತಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬನು ಎದ್ದು ನಿಂತು, "ನಮ್ಮ ಸೈನ್ಯ ಪಾಕಿಸ್ತಾನದೊಳಕ್ಕೆ ನುಗ್ಗುವುದೇ ಸಾರ್?" ಎಂದು ಕೇಳಿದನು. "ನುಗ್ಗದೆ ಬೇರೆ ದಾರಿಯಿಲ್ಲ. 1965ರಲ್ಲಿ ಆದದ್ದೇ ಈಗಲೂ ಆಗುತ್ತದೆ" ಎಂದು ನಾನು ಖಚಿತವಾಗಿ ಹೇಳಿಬಿಟ್ಟೆ. ಹಾಗೆ ಆಗಲಿಲ್ಲ. ಇತಿಹಾಸದ ಮೇಷ್ಟರು ಎಲ್ಲಿ ಎಡವಿದರೆಂಬುದನ್ನು ಈಗಲಾದರೂ ಹೇಳಬೇಕು.

1965ರ ಆಗಸ್ಟ್‌ನಲ್ಲಿ ಪಾಕಿಸ್ತಾನವು ಕಾಶ್ಮೀರಕ್ಕೆ ನುಸುಳುಕೋರರನ್ನು ಕಳುಹಿಸಿತು. ಸೆಪ್ಟೆಂಬರ್ 1ರಂದು ಟ್ಯಾಂಕುಗಳೊಡನೆ ಛಂಬ್ ವಲಯದ ಮೇಲೆ ಎರಗಿತು. ಗುರಿ ಚಿನಾಬ್ ದಡದ ಅಖ್ನೂರ್. ಅದು ಕೈತಪ್ಪಿದ್ದರೆ ರಾಜೌರಿ, ಪೂಂಚ್ ಕಡೆಯ ನಮ್ಮ ಸೇನೆಗೆ ಜಮ್ಮುವಿನ ಸಂಪರ್ಕವೇ ಕಡಿದುಹೋಗುತ್ತಿತ್ತು. ಭಾರತವು ಅಂತರರಾಷ್ಟ್ರೀಯ ಗಡಿಯನ್ನು ದಾಟದು ಎಂಬುದು ಎದುರಾಳಿಯ ಎಣಿಕೆ. ಆದರೆ ಅಖ್ನೂರನ್ನು ಅಲ್ಲಿಯೇ ನಿಂತು ಉಳಿಸಿಕೊಳ್ಳುವುದು ದುಸ್ತರವಾಗಿತ್ತು. ಆದುದರಿಂದ ಲಾಲ್ ಬಹದ್ದೂರ್ ಶಾಸ್ತ್ರಿಯವರ ಸರ್ಕಾರದ ನಿರ್ಧಾರದಂತೆ ಸೆಪ್ಟೆಂಬರ್ 6ರಂದು ನಮ್ಮ ಸೇನೆ ಪಂಜಾಬಿನ ಗಡಿ ದಾಟಿ ಲಾಹೋರಿನತ್ತ ನಡೆಯಿತು. ಎದುರಾಳಿಯು ತನ್ನ ಬಲವನ್ನು ಆ ಕಡೆಗೆ ತಿರುಗಿಸಲೇಬೇಕಾಯಿತು. ಯುದ್ಧವೂ ಹರಡಿತು. ಮರುದಿನವೇ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಕೊಡಗಿನ ಅಜ್ಜಮಾಡ ದೇವಯ್ಯನವರು ಪ್ರಾಣ ತೆತ್ತರು.

1999ರಲ್ಲಿಯೂ ಕೆರಳಿಸುವ ಕಾರಣ ಕಡಮೆಯಿರಲಿಲ್ಲ. ಪಾಕಿಸ್ತಾನದ ಪಡೆಗಳು ನಿಯಂತ್ರಣ ರೇಖೆಯನ್ನು ದಾಟಿ ಬಂದು ಶ್ರೀನಗರ–ಲೇಹ್ ಹೆದ್ದಾರಿಯ ಮೇಲ್ಗಡೆಯ ಶಿಖರಗಳನ್ನು ಹಿಡಿದಿದ್ದವು. ನಾನು ಈ ಹೋಲಿಕೆಯನ್ನಷ್ಟೇ ಕಂಡೆ, ವ್ಯತ್ಯಾಸಗಳನ್ನು ಕಾಣಲಿಲ್ಲ. ಹಿಂದಿನ ವರ್ಷದ ಮೇ ತಿಂಗಳಲ್ಲಿ ಎರಡೂ ದೇಶಗಳು ಅಣುಬಾಂಬು ಪರೀಕ್ಷಿಸಿದ್ದವು. ಶಿಖರಗಳನ್ನು ಮರಳಿ ಪಡೆಯುವುದು ಕಠಿಣವಾಗಿತ್ತೇ ಹೊರತು ಅಸಾಧ್ಯವಾಗಿರಲಿಲ್ಲ. ರೇಖೆಯನ್ನು ದಾಟಿದವರು ಯಾರೆಂಬುದು ಜಗತ್ತಿಗೆ ಸ್ಪಷ್ಟವಾಗಿತ್ತು. ನಾವೂ ದಾಟಿದ್ದರೆ ಆ ಸ್ಪಷ್ಟತೆ ಮಸುಕಾಗುತ್ತಿತ್ತು. ಮೇ 26ರಂದು ವಾಯುಪಡೆಯು ಕಾರ್ಯಾಚರಣೆಗೆ ಇಳಿದಾಗಲೂ ವಾಜಪೇಯಿ ಸರ್ಕಾರವು ನಿಯಂತ್ರಣ ರೇಖೆಯನ್ನು ದಾಟಕೂಡದೆಂದು ಆದೇಶಿಸಿತ್ತು. ಜುಲೈ 4ರಂದು ಟೈಗರ್ ಹಿಲ್ ನಮ್ಮ ವಶವಾಯಿತು. ಅದೇ ದಿನ ವಾಷಿಂಗ್ಟನ್ನಿನಲ್ಲಿ ಕ್ಲಿಂಟನ್ನರನ್ನು ಕಂಡ ನವಾಜ್ ಷರೀಫರು ಪಡೆಗಳ ಹಿಂತೆಗೆತಕ್ಕೆ ಒಪ್ಪಬೇಕಾಯಿತು.

ಆದರೆ ಸಂಯಮವೆಂದರೆ ಬೆಲೆಯಿಲ್ಲದ ದಾರಿಯೆಂದು ಭಾವಿಸಬಾರದು. ರೇಖೆಯನ್ನು ದಾಟಿದ್ದರೆ ಶತ್ರುವಿನ ಸರಬರಾಜು ದಾರಿಯನ್ನು ಹಿಂದಿನಿಂದ ಕತ್ತರಿಸಬಹುದಿತ್ತು. ದಾಟದಿದ್ದುದರಿಂದ ನಮ್ಮ ಯೋಧರು ತೋಲೋಲಿಂಗ್‌ನಂತಹ ಬೋಳು ಇಳಿಜಾರುಗಳನ್ನು ಗುಂಡಿನ ಮಳೆಯ ನಡುವೆ ಕೆಳಗಿನಿಂದ ಏರಬೇಕಾಯಿತು. ಆ ಯುದ್ಧದಲ್ಲಿ 527 ಯೋಧರು ಮಡಿದರು. ನಾವು ಆ ಸಂಯಮವನ್ನು ಹೊಗಳುವಾಗ ಈ ಸಂಖ್ಯೆಯನ್ನೂ ಜೊತೆಗೇ ನೆನೆಯಬೇಕು.

ಎಲ್ಲಿಯೇ ಯುದ್ಧದ ಸುದ್ದಿ ಬಂದರೂ ಈಗ ನಾನು ಭಾಷಣಗಳ ಕಾವನ್ನು ಅಳೆಯಲು ಹೋಗುವುದಿಲ್ಲ. ದಾಳಿಗೊಳಗಾದವನು ಇದ್ದಲ್ಲಿಯೇ ನಿಂತು ಕಾಯಬಲ್ಲನೇ, ಗಡಿ ದಾಟಿದರೆ ಎದುರಾಳಿಯ ಕೈಯಲ್ಲಿ ಉಳಿದಿರುವ ಅಸ್ತ್ರ ಯಾವುದು, ಲೋಕ ಯಾರ ಪರ ನಿಲ್ಲುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಅಂದು ಆ ಹುಡುಗನಿಗೆ ಉತ್ತರದ ಬದಲು ಈ ಪ್ರಶ್ನೆಗಳನ್ನು ಕೊಡಬೇಕಾಗಿತ್ತು. ಅವನು ಇದನ್ನು ಓದುತ್ತಿದ್ದರೆ, ತಡವಾಗಿ ಬಂದ ಮೇಷ್ಟರ ಈ ತಿದ್ದುಪಡಿಯನ್ನು ಸ್ವೀಕರಿಸಲಿ.